ಗುಜರಿಗೆ ಹೋಗದ ಸ್ಟೇಷನ್

ಈಲಿ ಎಂಬ ಊರಿಗೆ ಪ್ರಯಾಣಿಕರ ರೈಲು ನಿಂತಿದ್ದು 1941ರಲ್ಲಿ. ಆದರೂ ಅಲ್ಲಿನ ಸ್ಟೇಷನ್ನಿನಲ್ಲಿ ಈಗಲೂ ಟಿಕೆಟ್ ಕೊಡುತ್ತಾರೆ. ಟಿಕೆಟ್ ತೆಗೆದುಕೊಂಡರೆ ಹಳೇ ಬೋಗಿಯಲ್ಲಿ ಕೂರಿಸಿಕೊಂಡು, ಒಂದಷ್ಟು ದೂರ ಹೋಗಿ, ಮತ್ತೆ ಹತ್ತಿದ ಜಾಗಕ್ಕೇ ತಂದು ಇಳಿಸುತ್ತಾರೆ. ಯಾವ ಊರಿಗೂ ಹೋಗದ ಈ ರೈಲಿಗಾಗಿ ಜನ ನೂರಾರು ಮೈಲಿ ಕಾರು ಓಡಿಸಿಕೊಂಡು ಬರುತ್ತಾರೆ. ನಾವೂ ಹಾಗೇ ಹೋದವರು.

ನೆವಾಡಾ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಲಾಸ್ ವೇಗಸ್. ಈಲಿ ಇರುವುದೂ ಅದೇ ರಾಜ್ಯದಲ್ಲಿ, ಆದರೆ ಅಲ್ಲಿಂದ ಸುಮಾರು 240 ಮೈಲಿ ಉತ್ತರಕ್ಕೆ. ಜನಸಂಖ್ಯೆ ಹೆಚ್ಚುಕಮ್ಮಿ 4,000. ಸಮುದ್ರ ಮಟ್ಟದಿಂದ 6,400 ಅಡಿ ಮೇಲೆ. ಮರುಭೂಮಿ ಅಂತ ತೆಳ್ಳಗಿನ ಬಟ್ಟೆ ಹಾಕಿಕೊಂಡು ಹೋದರೆ ಚಳಿಗೆ ಹಲ್ಲು ಕಟಕಟ ಅನ್ನುತ್ತದೆ. ಊರನ್ನು ಹಾದುಹೋಗುವ 50ನೇ ನಂಬರಿನ ಹೆದ್ದಾರಿಯನ್ನು 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತಿ ಒಂಟಿ ರಸ್ತೆ ಅಂತ ಕರೆದಿತ್ತು. ಅಲ್ಲಿ ನೋಡಲು ಏನೂ ಇಲ್ಲ ಅನ್ನುವ ಧಾಟಿಯಲ್ಲಿ. ನೆವಾಡಾದವರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಮಾತನ್ನೇ ಬೋರ್ಡಿನ ಮೇಲೆ ಬರೆಸಿ ರಸ್ತೆ ಪಕ್ಕ ನೆಟ್ಟರು. ಬಂದವರಿಗೆ ಪುಟ್ಟ ಪುಸ್ತಕ ಕೊಟ್ಟು, ಊರೂರಲ್ಲಿ ಸೀಲು ಹಾಕಿಸಿಕೊಳ್ಳಿ ಅಂದರು. ಬೈದಿದ್ದನ್ನೇ ಬಂಡವಾಳ ಮಾಡಿಕೊಳ್ಳೋದು ಅಂದ್ರೆ ಇದೇ ಅಲ್ವಾ!

ಮಗಳು, ಅಳಿಯ ಇರುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಅಲ್ಲಿಂದ ಈಲಿಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಅಳಿಯನಿಗೆ ಬೇಕಿದ್ದದ್ದು ಹತ್ತಿರದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನ. "ಮಾವ, ನಿಮಗೆ ಮ್ಯೂಸಿಯಂ, ನನಗೆ ಬೆಟ್ಟ. ಲೆಕ್ಕ ಸರಿ ಹೋಯ್ತು" ಅಂದ. ನಾನು ಬದುಕಿಡೀ ಲೆಕ್ಕಪತ್ರದ ಕೆಲಸ ಮಾಡಿದವನು. ಲೆಕ್ಕ ಸರಿ ಹೋಯ್ತು ಅಂದರೆ ಬೇಗ ಒಪ್ಪಿಬಿಡುತ್ತೇನೆ.

ವೆಂಡೋವರ್ ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ರಸ್ತೆ ಸ್ಟೆಪ್ಟೋ ಎಂಬ ಉದ್ದನೆಯ ಕಣಿವೆಗೆ ಇಳಿಯುತ್ತದೆ. ಎಡಕ್ಕೆ ಒಂದು ಬೆಟ್ಟಸಾಲು, ಬಲಕ್ಕೆ ಇನ್ನೊಂದು. ನಡುವೆ ಬೂದು ಬಣ್ಣದ ಕುರುಚಲು. ಮನೆ ಇಲ್ಲ, ಮರ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇಂಥ ಕಡೆ ಯಾರು, ಯಾಕೆ ರೈಲು ಹಾಕಿದರು ಅನ್ನುವ ಪ್ರಶ್ನೆ ತಾನಾಗಿಯೇ ಬರುತ್ತದೆ.

ಉತ್ತರ ತಾಮ್ರ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಊರೂರಿಗೆ ವಿದ್ಯುತ್ತು, ಟೆಲಿಫೋನು ಬರುತ್ತಿದ್ದ ಕಾಲ. ಎಷ್ಟು ತಂತಿ ಇದ್ದರೂ ಸಾಲದು. ಈಲಿ ಸುತ್ತಮುತ್ತ ತಾಮ್ರ ಬೇಕಾದಷ್ಟಿತ್ತು, ಆದರೆ ಅದಿರಿನಲ್ಲಿ ಅದರ ಪಾಲು ಬಹಳ ಕಡಿಮೆ. ಗುಡ್ಡ ಗುಡ್ಡವನ್ನೇ ಅಗೆದು, ಪುಡಿ ಮಾಡಿ, ಕರಗಿಸಿದರೆ ಮಾತ್ರ ಲಾಭ. ಕುದುರೆ ಗಾಡಿಯಲ್ಲಿ ಆಗುವ ಕೆಲಸ ಅಲ್ಲ ಅದು. ಮಾರ್ಕ್ ರೆಕ್ವಾ ಎಂಬ ಗಣಿ ಉದ್ಯಮಿ 1905ರಲ್ಲಿ ನೆವಾಡಾ ನಾರ್ದರ್ನ್ ರೈಲ್ವೆ ಅಂತ ಕಂಪನಿ ಕಟ್ಟಿದ. ಉತ್ತರದಲ್ಲಿ ಸದರ್ನ್ ಪೆಸಿಫಿಕ್‌ನ ದೊಡ್ಡ ಲೈನಿಗೆ ಕೋಬ್ರೆ ಎಂಬಲ್ಲಿ ಜೋಡಿಸಿ, ಸುಮಾರು 140 ಮೈಲಿ ಹಳಿ ಹಾಕಿಸಿದ. 1906ರ ಸೆಪ್ಟೆಂಬರ್ 29ಕ್ಕೆ ರೈಲು ಈಲಿ ಮುಟ್ಟಿತು. ಗಣಿಯಿಂದ ಅದಿರು ಹೊತ್ತ ರೈಲುಗಳು ಮೆಕ್‌ಗಿಲ್ ಎಂಬ ಊರಿನ ಕಾರ್ಖಾನೆಗೆ ಹೋಗಿ ಸುರಿಯುತ್ತಿದ್ದವು. ಉತ್ತರದಿಂದ ಬರುವವರಿಗೆ ಈಲಿಗಿಂತ ಮೊದಲು ಸಿಗುವುದು ಈ ಮೆಕ್‌ಗಿಲ್. ಅಲ್ಲಿ 750 ಅಡಿ ಎತ್ತರದ ಚಿಮಣಿ ಇತ್ತಂತೆ. 1993ರಲ್ಲಿ ಬೀಳಿಸಿದರು. ಈಗ ಕಂಪನಿ ಕಟ್ಟಿಸಿದ ಒಂದೇ ಥರದ ಮನೆಗಳ ಸಾಲು ಕಾಣುತ್ತದೆ.

ಹೀಗೆ ಹುಟ್ಟಿದ ರೈಲ್ವೆಗಳು ಅಮೆರಿಕದಲ್ಲಿ ಬೇಕಾದಷ್ಟು. 1916ರ ಹೊತ್ತಿಗೆ ಆ ದೇಶದಲ್ಲಿ ಸುಮಾರು 2,54,000 ಮೈಲಿ ಹಳಿ ಇತ್ತು. ಅದೇ ಗರಿಷ್ಠ. ಆಮೇಲೆ ಕಾರು ಬಂತು, ಲಾರಿ ಬಂತು, ವಿಮಾನ ಬಂತು. ಒಂದೊಂದೇ ಲೈನು ಮುಚ್ಚಿತು. ಸ್ಟೇಷನ್ನುಗಳನ್ನು ಕೆಡವಿದರು, ಇಲ್ಲವೇ ಮಾರಿದರು. ಉಳಿದವುಗಳಲ್ಲಿ ಕೆಲವು ಹೋಟೆಲ್ ಆದವು, ಕೆಲವು ಬ್ಯಾಂಕ್ ಆದವು. ಊರಿನ ಇತಿಹಾಸದ ಸಂಘದವರು ಸ್ವಲ್ಪ ಗಟ್ಟಿಯಾಗಿದ್ದ ಕಡೆ ಮ್ಯೂಸಿಯಂ ಆದವು. ಆದರೆ ಹೆಚ್ಚಿನ ಕಡೆ ಉಳಿದಿರುವುದು ಗೋಡೆ ಮತ್ತು ಸೂರು ಮಾತ್ರ. ಒಳಗಿನ ಮೇಜು, ಕುರ್ಚಿ, ಗಡಿಯಾರ, ಕಾಗದ ಎಲ್ಲವನ್ನೂ ಬೇರೆ ಎಲ್ಲಿಂದಲೋ ತಂದು ಜೋಡಿಸಿರುತ್ತಾರೆ.

ಈಲಿಯ ಕಥೆ ಬೇರೆ. ಅಲ್ಲಿ ಸ್ಟೇಷನ್, ಸರಕಿನ ಗೋದಾಮು, ಎಂಜಿನ್ ಶೆಡ್, ವರ್ಕ್‌ಶಾಪ್, ನೀರಿನ ತೊಟ್ಟಿ, ಕಲ್ಲಿದ್ದಲು ತುಂಬುವ ಕಟ್ಟೆ, ಹಿಮ ತೆಗೆಯುವ ಯಂತ್ರ, ಬಿದ್ದ ರೈಲನ್ನು ಎತ್ತುವ ಉಗಿ ಕ್ರೇನು, ಕೆಲಸ ಮಾಡಿದವರ ಸಂಬಳದ ಪಟ್ಟಿ, ಕಂಪನಿ ಬರೆದ ಪತ್ರಗಳು, ಎಲ್ಲ ಅಲ್ಲೇ ಇವೆ. ಯಾರೋ ಕೂಡಿಹಾಕಿದ ಸಂಗ್ರಹ ಅಲ್ಲ ಇದು. ಮೊದಲಿಂದ ಅಲ್ಲಿದ್ದದ್ದೇ ಅಲ್ಲಿದೆ. 2006ರಲ್ಲಿ ಇಡೀ ಯಾರ್ಡನ್ನು ರಾಷ್ಟ್ರೀಯ ಚಾರಿತ್ರಿಕ ಸ್ಮಾರಕ ಅಂತ ಘೋಷಿಸಿದರು.

ಇದು ಹೇಗೆ ಉಳಿಯಿತು? ಊರಿನವರಿಗೆ ಇತಿಹಾಸದ ಮೇಲೆ ಪ್ರೀತಿ ಜಾಸ್ತಿ ಅಂತ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತೆ. ನನಗೆ ಹಾಗನ್ನಿಸಲಿಲ್ಲ. ಪ್ರೀತಿ ಆಮೇಲೆ ಬಂತು. ಅದಕ್ಕೂ ಮೊದಲು ಕಾಪಾಡಿದ್ದು ದೂರ, ಮತ್ತು ಬದಲಾಯಿಸೋಕೆ ಕಾರಣವೇ ಇಲ್ಲದಿದ್ದದ್ದು.

ಯೋಚನೆ ಮಾಡಿ ನೋಡಿ. ದೊಡ್ಡ ರೈಲ್ವೆಗಳು ಒಂದನ್ನೊಂದು ನುಂಗಿದವು. ನುಂಗಿದಾಗಲೆಲ್ಲ ಸಣ್ಣ ಕಂಪನಿಯ ಕಚೇರಿ ಮುಚ್ಚುತ್ತದೆ. ಕಚೇರಿ ಮುಚ್ಚಿದರೆ ಮೊದಲು ಹೋಗುವುದು ಹಳೇ ಕಡತ. ಇದನ್ನು ನಾನು ಕಣ್ಣಾರೆ ಕಂಡವನು, ಹೇಳಬಲ್ಲೆ. ಆದರೆ ನೆವಾಡಾ ನಾರ್ದರ್ನ್ ಯಾವ ದೊಡ್ಡ ರೈಲ್ವೆಯ ಹೊಟ್ಟೆಗೂ ಹೋಗಲಿಲ್ಲ. ಅದು ಕೊನೆಯವರೆಗೂ ತಾಮ್ರ ಕಂಪನಿಯ ಕೈಯಲ್ಲೇ ಇತ್ತು, ಕೊನೆಗೆ ಕೆನ್ನೆಕಾಟ್ ಎಂಬ ಗಣಿ ಕಂಪನಿಯ ಕೈಗೆ ಬಂತು. ಗಿರಾಕಿ ಒಬ್ಬನೇ, ಕೆಲಸ ಒಂದೇ, ಯಾರ್ಡೂ ಒಂದೇ. ಹೊಸ ಕಟ್ಟಡ ಯಾಕೆ ಬೇಕು? ಇದ್ದದ್ದರಲ್ಲೇ ನಡೆಯಿತು. ಹಳೇ ಎಂಜಿನ್ ಕೆಟ್ಟರೆ ಶೆಡ್ಡಿನ ಮೂಲೆಗೆ ತಳ್ಳಿದರು. ಜಾಗ ಧಾರಾಳವಾಗಿತ್ತು. ಹಳೇ ಲೆಡ್ಜರ್ ತುಂಬಿದರೆ ಹೊಸದು ತಂದರು, ಹಳೆಯದು ಕಪಾಟಿನಲ್ಲೇ ಕೂತಿತು.

1978ರಲ್ಲಿ ಗಣಿ ಮುಚ್ಚಿತು. 1983ರಲ್ಲಿ ಮೆಕ್‌ಗಿಲ್‌ನ ಕುಲುಮೆ ಆರಿತು. ತಾಮ್ರದ ಬೆಲೆ ಬಿದ್ದಿತ್ತು, ಹೊಗೆಯ ಮೇಲಿನ ಕಾನೂನು ಬಿಗಿಯಾಗಿತ್ತು. ಅದಿರು ಇಲ್ಲದ ಮೇಲೆ ಅದಿರಿನ ರೈಲಿಗೇನು ಕೆಲಸ? ಸಾವಿರಾರು ಜನರ ಅನ್ನ ಹೋಯಿತು. ಊರಿನ ಜನ ಕಂಪನಿಯ ಹತ್ತಿರ ಹೋಗಿ, ಬಂದ್ ಆದ ಈ ರೈಲನ್ನು ನಮಗೆ ಕೊಡಿ ಅಂತ ಕೇಳಿದ್ದು ಈ ಹೊತ್ತಲ್ಲಿ. 1980ರ ದಶಕದಲ್ಲಿ ಸ್ಟೇಷನ್ನು, ಶೆಡ್ಡು, ಎಂಜಿನ್ನು, ಹಳಿ ಎಲ್ಲ ಹಂತ ಹಂತವಾಗಿ ದಾನವಾಗಿ ಬಂತು.

ಶ್ರೀಮಂತ ಊರಾಗಿದ್ದರೆ ಇದು ನಡೆಯುತ್ತಿರಲಿಲ್ಲ. ನ್ಯೂಯಾರ್ಕ್‌ನ ಪೆನ್ಸಿಲ್ವೇನಿಯಾ ಸ್ಟೇಷನ್ ನೆನೆಸಿಕೊಳ್ಳಿ. ಅರಮನೆಯಂಥ ಕಟ್ಟಡ. ಅದರ ಜಾಗಕ್ಕೆ ಬೆಲೆ ಬಂತು ಅಂತ 1963ರಲ್ಲಿ ಕೆಡವೋಕೆ ಶುರು ಮಾಡಿದರು. ಆ ಸಿಟ್ಟಿಗೇ 1965ರಲ್ಲಿ ನ್ಯೂಯಾರ್ಕ್ ನಗರ ಹಳೇ ಕಟ್ಟಡ ಉಳಿಸುವ ಕಾನೂನು ಮಾಡಿತು. ಮರುವರ್ಷ ಇಡೀ ದೇಶಕ್ಕೇ ಅಂಥದೊಂದು ಕಾನೂನು ಬಂತು. ಈಲಿಯ ಸ್ಟೇಷನ್ ಇರುವ ಜಾಗಕ್ಕೆ ಕಣ್ಣು ಹಾಕಿದವರೇ ಇರಲಿಲ್ಲ.

ಶೆಡ್ಡಿನ ಒಳಗೆ ಹೋದ ತಕ್ಷಣ ಮೂಗಿಗೆ ಬಡಿಯುವುದು ಕಲ್ಲಿದ್ದಲ ಹೊಗೆ, ಬಿಸಿ ಎಣ್ಣೆ, ಒದ್ದೆ ಕಬ್ಬಿಣ. ನೆಲ ಕರ್ರಗೆ. ಕಿಟಕಿಗಳಿಗೆ ನೂರು ವರ್ಷದ ಮಸಿ. ವರ್ಕ್‌ಶಾಪಿನಲ್ಲಿ ಚಾವಣಿಯ ಕೆಳಗೆ ಉದ್ದನೆಯ ಕಬ್ಬಿಣದ ದಂಡ ತಿರುಗುತ್ತದೆ. ಅದರಿಂದ ಅಗಲದ ಬೆಲ್ಟುಗಳು ಕೆಳಗಿಳಿದು ಒಂದೊಂದು ಯಂತ್ರವನ್ನು ತಿರುಗಿಸುತ್ತವೆ. ಬೇಕಾದ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾಗಿ ಈಗಲೂ ಇಲ್ಲೇ ಮಾಡಿಕೊಳ್ಳಬೇಕು. ಗಾಜಿನ ಪೆಟ್ಟಿಗೆ ಇಲ್ಲ, ಮುಟ್ಟಬೇಡಿ ಅನ್ನುವ ಹಗ್ಗ ಕೆಲವು ಕಡೆ ಮಾತ್ರ. ಮಗಳು ಬಿಳಿ ಜಾಕೆಟ್ ಹಾಕಿಕೊಂಡು ಬಂದಿದ್ದಳು. ಅದರ ಗತಿ ಏನಾಯಿತು ಅಂತ ಬೇರೆ ಹೇಳಬೇಕಿಲ್ಲ.

ಮುಖ್ಯ ಆಕರ್ಷಣೆ 40ನೇ ನಂಬರಿನ ಎಂಜಿನ್. ಬಾಲ್ಡ್ವಿನ್ ಕಂಪನಿ 1910ರಲ್ಲಿ ಮಾಡಿದ್ದು, ಪ್ರಯಾಣಿಕರ ರೈಲಿಗೆ ಅಂತಲೇ ತರಿಸಿದ್ದು. ಉಗಿ ಎಂಜಿನ್ನುಗಳನ್ನೆಲ್ಲ ಗುಜರಿಗೆ ಹಾಕುತ್ತಿದ್ದ ಕಾಲದಲ್ಲಿ ಶೆಡ್ಡಿನ ಕೆಲಸಗಾರರೇ ಇದನ್ನು ಒಳಗೆ ಅಡಗಿಸಿಟ್ಟರು ಅಂತ ಕಥೆ ಹೇಳುತ್ತಾರೆ. ಇಷ್ಟು ದೊಡ್ಡ ಕಬ್ಬಿಣದ ವಸ್ತುವನ್ನು ಮಾಲೀಕನಿಗೆ ಕಾಣದಂತೆ ಹೇಗೆ ಅಡಗಿಸಿದರೋ! ಮಾಲೀಕನೂ ಕಂಡೂ ಕಾಣದ ಹಾಗೆ ಇದ್ದಿರಬೇಕು. 2009ರಲ್ಲಿ ಅದನ್ನು ನೆವಾಡಾದ ಅಧಿಕೃತ ರಾಜ್ಯ ಎಂಜಿನ್ ಅಂತ ಮಾಡಿದರು. ರಾಜ್ಯ ಪಕ್ಷಿ, ರಾಜ್ಯ ಹೂವು ಗೊತ್ತು. ರಾಜ್ಯ ಎಂಜಿನ್ ಇದೇ ಮೊದಲು ಕೇಳಿದ್ದು. ಇದರ ಜೊತೆಗೆ 1909ರ 93ನೇ ನಂಬರು, 1917ರ 81ನೇ ನಂಬರು, ಇವೆರಡೂ ಸರಕು ಎಳೆಯುವ ಎಂಜಿನ್ನುಗಳು.

ಶೆಡ್ಡಿನಲ್ಲಿ ಡರ್ಟ್ ಅಂತ ಒಂದು ಬೆಕ್ಕು ಇತ್ತು. 2008ರಲ್ಲಿ ಅಲ್ಲೇ ಹುಟ್ಟಿದ್ದು. ಬಿಳಿ, ಕಿತ್ತಳೆ ಬಣ್ಣದ ಬೆಕ್ಕು, ಮಸಿ ಮೆತ್ತಿಕೊಂಡು ಕರಿ ಬೆಕ್ಕಿನ ಹಾಗೆ ಕಾಣುತ್ತಿತ್ತು. ಎಂಜಿನ್ನುಗಳಿಗಿಂತ ಅದನ್ನು ನೋಡೋಕೆ ಬರುವವರೇ ಜಾಸ್ತಿ ಆಗಿದ್ದರಂತೆ. 2023ರಲ್ಲಿ ತೀರಿಕೊಂಡಿತು. ನನ್ನ ಮಗಳು ಅದರ ಫೋಟೋದ ಮುಂದೆ ನಿಂತಷ್ಟು ಹೊತ್ತು ಯಾವ ಎಂಜಿನ್ ಮುಂದೆಯೂ ನಿಲ್ಲಲಿಲ್ಲ.

ನನಗೆ ಬೇಕಾದದ್ದು ಇದ್ದದ್ದು ಸ್ಟೇಷನ್ನಿನಲ್ಲಿ. 1907ರಲ್ಲಿ ಕಟ್ಟಿದ ಎರಡಂತಸ್ತಿನ ಕಲ್ಲಿನ ಕಟ್ಟಡ. ಈಗ ಅದು ರಾಜ್ಯ ಸರ್ಕಾರದ ಮ್ಯೂಸಿಯಂ. ರೈಲು ಓಡಿಸುವ ಸಂಸ್ಥೆ ಬೇರೆ, ಈ ಕಟ್ಟಡ ನೋಡಿಕೊಳ್ಳುವವರು ಬೇರೆ. ಕೆಳಗೆ ಪ್ರಯಾಣಿಕರ ವಿಭಾಗ, ಮೇಲೆ ಕಂಪನಿಯ ಕಚೇರಿ. ಮೇಜು, ಕಪಾಟು, ಟೈಪ್‌ರೈಟರ್, ಕಡತ. ಯಾರೋ ಊಟಕ್ಕೆ ಎದ್ದು ಹೋದ ಕಚೇರಿ ಥರ ಇದೆ.

ಒಂದು ಲೆಡ್ಜರಿನ ಮುಂದೆ ನಿಂತೆ. ದಪ್ಪ ರಟ್ಟು, ಚರ್ಮದ ಬೆನ್ನು, ಮೂಲೆಗಳು ಸವೆದು ಬೂದುಬಣ್ಣ. ಪುಟದಲ್ಲಿ ಕೆಂಪು ಗೆರೆ, ನೀಲಿ ಗೆರೆ. ಮಸಿ ಪೆನ್ನಿನ ಓರೆ ಅಕ್ಷರ. ಹೆಸರು, ಕೆಲಸ, ದಿನ, ದರ, ಕಡಿತ, ಕೈಗೆ ಬಂದದ್ದು. ಅಂಕಿಗಳು ಒಂದರ ಕೆಳಗೆ ಒಂದು ನೂಲು ಹಿಡಿದ ಹಾಗೆ ನಿಂತಿವೆ. ಪುಟದ ಕೊನೆಯಲ್ಲಿ ಮೊತ್ತ, ಅದರ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗೀಟು. ಆ ಗೀಟು ನೋಡಿ ನಗು ಬಂತು. ಇನ್ನೊಬ್ಬ ಕೂತು ಕೂಡಿ ನೋಡಿ, ತಾಳೆ ಆಯಿತು ಅಂತ ಹಾಕಿದ ಗುರುತು ಅದು. ನಾನೂ ಅಂಥ ಗೀಟು ಸಾವಿರಗಟ್ಟಲೆ ಹಾಕಿದ್ದೇನೆ. ಲೆಕ್ಕದವನ ಕೆಲಸದಲ್ಲಿ ಅವನದೇ ಅಂತ ಉಳಿಯುವುದು ಅಷ್ಟೇ.

"ಅಪ್ಪ, ನೀನು ಹಿಂಗೇ ಒಂದೊಂದು ಪುಟಕ್ಕೂ ನಿಂತ್ರೆ ರಾತ್ರಿ ಆಗುತ್ತೆ" ಅಂದಳು ಮಗಳು.

"ಕೂಡಿ ನೋಡ್ತಿದೀನಿ, ತಡಿ" ಅಂದೆ.

ಹಳೇ ಸ್ಟೇಷನ್ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಲವು ವಸ್ತುಗಳಿವೆ. ಅವು ಯಾಕಿದ್ದವು ಅಂತ ಗೊತ್ತಿದ್ದರೆ ನೋಡೋಕೆ ರುಚಿ ಜಾಸ್ತಿ. ಉದಾಹರಣೆಗೆ ಉದ್ದನೆಯ ಹಿಡಿ ಇರುವ, ತುದಿಯಲ್ಲಿ ಕವಲೊಡೆದ ಕೋಲು. ಕವಲುಗಳ ನಡುವೆ ದಾರ ಕಟ್ಟಿರುತ್ತಾರೆ. ಮುಂದೆ ಎಲ್ಲಿ ನಿಲ್ಲಬೇಕು, ಯಾವ ರೈಲಿಗೆ ದಾರಿ ಬಿಡಬೇಕು ಅನ್ನುವ ಆದೇಶ ದೂರದ ಕಚೇರಿಯಿಂದ ತಂತಿಯಲ್ಲಿ ಬರುತ್ತಿತ್ತು. ಸ್ಟೇಷನ್ನಿನವನು ಅದನ್ನು ತೆಳ್ಳಗಿನ ಹಾಳೆಯಲ್ಲಿ, ಕಾರ್ಬನ್ ಇಟ್ಟು ಒತ್ತಿ ಬರೆದು, ಬರೆದದ್ದನ್ನು ಅಕ್ಷರಕ್ಕಕ್ಷರ ವಾಪಸ್ ಹೇಳಬೇಕು. ಆ ಕಡೆಯವನು ಸರಿ ಅಂದು ಹೊತ್ತು ಹೇಳಿದ ಮೇಲೇ ಆದೇಶಕ್ಕೆ ಜೀವ. ಆಮೇಲೆ ಆ ಹಾಳೆಯನ್ನು ಮಡಚಿ ದಾರಕ್ಕೆ ಸಿಕ್ಕಿಸಿ, ಹಳಿಯ ಪಕ್ಕ ಕೋಲು ಎತ್ತಿ ಹಿಡಿದು ನಿಲ್ಲಬೇಕು. ಎಂಜಿನ್ನಿನವನು ಓಡುವ ರೈಲಿನಿಂದ ತೋಳು ಚಾಚಿ ದಾರವನ್ನು ಕಸಿದುಕೊಂಡು ಹೋಗುತ್ತಾನೆ. ಕೊನೆಯ ಬೋಗಿಯಲ್ಲಿರುವ ಗಾರ್ಡಿಗೆ ಇನ್ನೊಂದು ಕೋಲು. ನಮ್ಮಲ್ಲಿ ಸ್ಟೇಷನ್ನಿನವರು ಬಳೆಯಂಥ ಚೌಕಟ್ಟಿನಲ್ಲಿ ಟೋಕನ್ ಇಟ್ಟು ಡ್ರೈವರಿಗೆ ಕೊಡುತ್ತಿದ್ದದ್ದನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ವ್ಯತ್ಯಾಸ ಏನೆಂದರೆ, ನಮ್ಮ ಟೋಕನ್ ಒಂದು ಯಂತ್ರದಿಂದ ಬರುತ್ತಿತ್ತು. ಒಂದು ಹೊರಗಿದ್ದರೆ ಇನ್ನೊಂದು ಬರುತ್ತಲೇ ಇರಲಿಲ್ಲ. ಇವರದು ಪೂರ್ತಿ ಬರಹದ ಮೇಲಿನ ನಂಬಿಕೆ. ಒಂದು ಅಂಕಿ ತಪ್ಪು ಬರೆದರೆ ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದುರು.

ಆ ಆದೇಶಗಳಲ್ಲೂ ಎರಡು ಥರ. 19ನೇ ನಮೂನೆಯಾದರೆ ಓಡುವ ರೈಲಿಗೆ ಕೊಡಬಹುದು. 31ನೇ ನಮೂನೆಯಾದರೆ ರೈಲು ನಿಂತು, ಗಾರ್ಡು ಇಳಿದು ಬಂದು ಸಹಿ ಹಾಕಲೇಬೇಕು. ಯಾವುದಕ್ಕೆ ಸಹಿ ಬೇಕು, ಯಾವುದಕ್ಕೆ ಬೇಡ ಅನ್ನುವ ಈ ವ್ಯವಹಾರ ನನಗೆ ತೀರಾ ಪರಿಚಿತ. ಎಲ್ಲ ಕಚೇರಿಗಳ ಜಾತಕ ಒಂದೇ.

ಇನ್ನೊಂದು ವಸ್ತು, ಹೊಗೆಸೊಪ್ಪಿನ ತಗಡಿನ ಡಬ್ಬಿ. ಟೆಲಿಗ್ರಾಫ್ ಯಂತ್ರದ ಪಕ್ಕ ಇಟ್ಟಿರುತ್ತಾರೆ. ಗುಮಾಸ್ತನ ಚಟ ತೋರಿಸೋಕೆ ಇಟ್ಟಿದ್ದಾರೆ ಅಂದುಕೊಂಡು ಮುಂದೆ ಹೋಗುವವರೇ ಜಾಸ್ತಿ. ಅದು ಚಟಕ್ಕಲ್ಲ. ಒಂದು ಕಚೇರಿಯಲ್ಲಿ ಹಲವು ತಂತಿಗಳು ಒಟ್ಟಿಗೆ ಟಿಕ್ ಟಿಕ್ ಅನ್ನುತ್ತಿದ್ದವು. ತನ್ನ ತಂತಿಯ ಸದ್ದು ಬೇರೆಯಾಗಿ, ಜೋರಾಗಿ ಕೇಳಲಿ ಅಂತ ಆ ಡಬ್ಬಿಯನ್ನು ಸದ್ದು ಮಾಡುವ ಭಾಗದ ಹಿಂದೆ ಸಿಕ್ಕಿಸುತ್ತಿದ್ದರು. ತಗಡು ಗಣಗಣ ಅನ್ನುತ್ತಿತ್ತು. ದುಡ್ಡು ಖರ್ಚಿಲ್ಲದ ಲೌಡ್‌ಸ್ಪೀಕರ್. ಯಾವ ಕಂಪನಿಯ ಕೈಪಿಡಿಯೂ ಇದನ್ನು ಹೇಳಿಕೊಟ್ಟಿರಲಿಕ್ಕಿಲ್ಲ. ಇಂಥವನ್ನು ಉಳಿಸಿಕೊಳ್ಳುವುದರಲ್ಲೇ ಸಣ್ಣ ಮ್ಯೂಸಿಯಂಗಳ ಜಾಣತನ ಇರುವುದು.

ಗಡಿಯಾರದ ವಿಷಯವೂ ಹಾಗೇ. 1883ರ ನವೆಂಬರ್ 18ಕ್ಕೆ ಮೊದಲು ಅಮೆರಿಕದಲ್ಲಿ ಊರೂರಿಗೂ ಬೇರೆ ಬೇರೆ ಹೊತ್ತು. ನೆತ್ತಿಯ ಮೇಲೆ ಸೂರ್ಯ ಬಂದಾಗ ಆ ಊರಿಗೆ ಹನ್ನೆರಡು. ಇಷ್ಟು ಹೊತ್ತುಗಳ ನಡುವೆ ರೈಲು ಓಡಿಸೋದು ಹೇಗೆ? ಸರ್ಕಾರವನ್ನು ಕೇಳದೆ ರೈಲ್ವೆ ಕಂಪನಿಗಳೇ ಸೇರಿ ದೇಶವನ್ನು ವಲಯಗಳಾಗಿ ಹಂಚಿಕೊಂಡು, ಅವತ್ತು ಮಧ್ಯಾಹ್ನ ಗಡಿಯಾರ ತಿದ್ದಿದರು. ಅದಕ್ಕೆ ಸಂಸತ್ತಿನ ಕಾನೂನು ಬಂದದ್ದು 1918ರಲ್ಲಿ, 35 ವರ್ಷ ತಡವಾಗಿ. ನಡುವೆ 1891ರಲ್ಲಿ ಒಹಾಯೋದ ಕಿಪ್ಟನ್ ಎಂಬಲ್ಲಿ ಎರಡು ರೈಲು ಡಿಕ್ಕಿ ಹೊಡೆದವು. ಒಬ್ಬನ ಜೇಬಿನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ಓಡಿತ್ತು ಅಂತ ಹೇಳುತ್ತಾರೆ. ಆಮೇಲೆ ರೈಲ್ವೆಯವರ ಗಡಿಯಾರಕ್ಕೆ ಕಟ್ಟುನಿಟ್ಟಿನ ನಿಯಮ ಬಂತು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಬಾರದು. ಅಂಕಿಗಳು ದಪ್ಪಗೆ, ಸ್ಪಷ್ಟವಾಗಿ ಇರಬೇಕು. ಜೇಬಿಗೆ ಹಾಕುವಾಗ ಗೊತ್ತಿಲ್ಲದೆ ತಿರುಗದಂತೆ, ಹೊತ್ತು ತಿದ್ದಬೇಕಾದರೆ ಗಾಜು ಬಿಚ್ಚಿ ಒಳಗಿನ ಸಣ್ಣ ಕಡ್ಡಿ ಎಳೆಯಲೇಬೇಕು.

ಇಷ್ಟೆಲ್ಲ ಕಂಪನಿ ಇಟ್ಟುಕೊಂಡ ನೆನಪು. ಊರಿನವರು ಇಟ್ಟುಕೊಂಡ ನೆನಪು ಬೇರೆ ಕಡೆ ಇದೆ. ಅದಕ್ಕೆ ವೈಟ್ ಪೈನ್ ಪಬ್ಲಿಕ್ ಮ್ಯೂಸಿಯಂಗೆ ಹೋಗಬೇಕು. ಹೊರಗಿನಿಂದ ಸಾದಾ ಕಟ್ಟಡ. ಅಂಗಳದಲ್ಲಿ ಚೆರ್ರಿ ಕ್ರೀಕ್ ಎಂಬ ಊರಿನ ಪುಟ್ಟ ಸ್ಟೇಷನ್ನನ್ನು ತಂದು ನಿಲ್ಲಿಸಿದ್ದಾರೆ. ದಾರಿಯಲ್ಲಿ ಆ ಊರಿನ ಬೋರ್ಡ್ ನೋಡಿದ್ದೆವು, ಈಗ ಹೆಚ್ಚೇನೂ ಜನ ಇಲ್ಲ. ಸ್ಟೇಷನ್ ಮಾತ್ರ ಊರು ಬದಲಾಯಿಸಿ ಉಳಿದುಕೊಂಡಿದೆ.

ಒಳಗೆ ಯಾವುದಕ್ಕೆ ಯಾವುದು ಪಕ್ಕ ಅನ್ನುವ ಲೆಕ್ಕವೇ ಇಲ್ಲ. ಬೊಂಬೆಗಳ ದೊಡ್ಡ ಸಂಗ್ರಹ. ಗಣಿಯ ಕಲ್ಲುಗಳು. ಅಡುಗೆ ಮನೆಯ ಸಾಮಾನು. ಅವುಗಳ ನಡುವೆ ದೈತ್ಯ ಕರಡಿಯ ಅಸ್ಥಿಪಂಜರದ ಪ್ರತಿಕೃತಿ. ಹಿಮಯುಗದ ಆ ಕರಡಿಯ ಮೂಳೆಗಳು 1982ರಲ್ಲಿ ಇದೇ ಜಿಲ್ಲೆಯ ಗುಹೆಯಲ್ಲಿ ಸಿಕ್ಕಿದ್ದವು. ದೊಡ್ಡ ನಗರದ ಮ್ಯೂಸಿಯಂ ಆಗಿದ್ದರೆ ಕರಡಿಗೊಂದು ಕೋಣೆ, ಬೊಂಬೆಗೊಂದು ಕೋಣೆ. ಇಲ್ಲಿ ಎಲ್ಲ ಒಂದೇ ಮನೆಯವರು. ಪ್ರತಿಯೊಂದರ ಹಿಂದೆಯೂ ಇದನ್ನು ಮ್ಯೂಸಿಯಂಗೆ ಕೊಡೋಣ ಅಂತ ನಿರ್ಧರಿಸಿದ ಯಾರೋ ಇದ್ದಾರೆ. ಅಜ್ಜಿ ಹೋದ ಮೇಲೆ ಮನೆ ಖಾಲಿ ಮಾಡುವಾಗ ಎಸೆಯೋಕೆ ಮನಸ್ಸು ಬಾರದೆ, ಇಟ್ಟುಕೊಳ್ಳೋಕೆ ಜಾಗ ಇಲ್ಲದೆ ತಂದು ಕೊಟ್ಟಿರುತ್ತಾರೆ. ಹಾಗಾಗಿ ಇಂಥ ಮ್ಯೂಸಿಯಂಗಳಲ್ಲಿ ಚೆನ್ನಾಗಿರುವ ಸಾಮಾನೇ ಜಾಸ್ತಿ. ಹಬ್ಬದ ತಟ್ಟೆ ಬರುತ್ತದೆ, ದಿನಾ ಉಂಡ ತಟ್ಟೆ ಬರುವುದಿಲ್ಲ.

ಕಂಪನಿ ಎಣಿಸಿದ್ದನ್ನು ಇಟ್ಟಿತು. ಮನೆಯವರು ಮೆಚ್ಚಿದ್ದನ್ನು ಇಟ್ಟರು. ಎರಡರಲ್ಲೂ ಸೇರದೆ ಬಿದ್ದುಹೋಗುವುದು ಜಗಳ.

1912ರಲ್ಲಿ ಇಲ್ಲಿ ದೊಡ್ಡ ಮುಷ್ಕರ ಆಯಿತು. ಗಣಿ, ಕುಲುಮೆಗಳಲ್ಲಿ ದುಡಿಯುತ್ತಿದ್ದವರಲ್ಲಿ ಗ್ರೀಕರು, ಸ್ಲಾವರು, ಇಟಲಿಯವರು, ಜಪಾನಿನವರು ಇದ್ದರು. ಮೆಕ್‌ಗಿಲ್‌ನಲ್ಲಿ ಅವರವರ ಕೇರಿಯೇ ಬೇರೆ. ಆ ಮುಷ್ಕರದಲ್ಲಿ ಕಂಪನಿಯ ಕಾವಲುಗಾರರ ಗುಂಡಿಗೆ ಇಬ್ಬರು ಗ್ರೀಕ್ ಕಾರ್ಮಿಕರು ಸತ್ತರು. ರಾಜ್ಯಪಾಲ ಸೇನಾ ಆಡಳಿತ ಹೇರಿದ. ಲೆಡ್ಜರಿನಲ್ಲಿ ಇದು ಹೇಗೆ ಕಾಣುತ್ತದೆ ಅಂತ ನನಗೆ ಗೊತ್ತು. ದಿನಗಳ ಕಾಲಂ ಖಾಲಿ ಇರುತ್ತದೆ. ಕೆಲಸಕ್ಕೆ ಬಂದಿಲ್ಲ, ಕೂಲಿ ಇಲ್ಲ. ಮುಂದಿನ ತಿಂಗಳ ಪುಟಕ್ಕೆ ಹೆಸರು ಬರುವುದಿಲ್ಲ, ಅಷ್ಟೇ. ಮೊತ್ತ ಮಾತ್ರ ಪೈಸೆ ಬಿಡದೆ ತಾಳೆ ಆಗುತ್ತದೆ. ಎಷ್ಟು ಅಚ್ಚುಕಟ್ಟಾದ ಪುಟವಾದರೂ ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲದಿರುವುದು ಇದಕ್ಕೇ. ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಅದಕ್ಕೂ ಹಿಂದೆ ಈ ಕಣಿವೆಯಲ್ಲಿ ಇದ್ದವರು ಪಶ್ಚಿಮ ಶೊಶೋನಿ ಜನ. ಈಗಲೂ ಈಲಿಯಲ್ಲಿ ಅವರ ವಸತಿ ಇದೆ. ರೈಲಿನಿಂದಲೇ ಊರಿನ ಕಥೆ ಶುರು ಮಾಡಿದರೆ ಅವರು ಕಥೆಗೆ ಮೊದಲೇ ಮುಗಿದುಹೋದವರ ಹಾಗೆ ಕಾಣುತ್ತಾರೆ. ರೈಲಿನ ಕಟ್ಟಡದಲ್ಲಿರುವ ಮ್ಯೂಸಿಯಂಗಳಿಗೆಲ್ಲ ಈ ತೊಡಕು ಇದ್ದದ್ದೇ. ಕಟ್ಟಡ ತನ್ನ ಕಥೆಯನ್ನೇ ದೊಡ್ಡದು ಮಾಡಿಕೊಳ್ಳುತ್ತದೆ.

ಮಕ್ಕಳ ಕಥೆ ಮಾತ್ರ ಹೇಗೋ ಎರಡೂ ಕಡೆ ಉಳಿದಿದೆ. ಮೆಕ್‌ಗಿಲ್‌ನ ಮಕ್ಕಳು ಈಲಿಯ ಹೈಸ್ಕೂಲಿಗೆ ದಿನಾ ರೈಲಿನಲ್ಲೇ ಬರುತ್ತಿದ್ದರು. ಕಂಪನಿಗೆ ಅದು ವೇಳಾಪಟ್ಟಿಯ ಒಂದು ಸಾಲು. ಆ ಮಕ್ಕಳಿಗೆ ಅದೇ ಹರೆಯ. ಅದಿರಿನ ರೈಲಿಗೆ ದಾರಿ ಬಿಡಬೇಕಾಗಿ ಬಂದು ತಡವಾದ ದಿನ ಮೊದಲ ಪೀರಿಯಡ್ ತಪ್ಪುತ್ತಿತ್ತೇನೋ ಅಂತ ಅಳಿಯ ಆಸೆಯಿಂದ ಹೇಳಿದ.

ಈಗ ಇದನ್ನೆಲ್ಲ ನಡೆಸುವವರು ಯಾರು? ಸಂಬಳದ ಕೆಲವರು, ಉಳಿದಂತೆ ಸ್ವಯಂಸೇವಕರು. ಎಂಜಿನ್ ಓಡಿಸೋಕೆ ಕಲಿಸಿ, ದುಡ್ಡು ತೆಗೆದುಕೊಂಡು, ಬಂದವರ ಕೈಗೇ ಹಿಡಿ ಕೊಡುವ ಕಾರ್ಯಕ್ರಮವೂ ಇದೆ. ಯಾರ್ಡಿನಲ್ಲಿ ಹಳೇ ಗಾರ್ಡಿನ ಬೋಗಿಯಲ್ಲಿ ರಾತ್ರಿ ತಂಗಬಹುದು. ಮ್ಯೂಸಿಯಂ ಹೀಗೆಲ್ಲ ಮಾಡಬೇಕಾ ಅಂತ ಮೂಗು ಮುರಿಯುವವರಿದ್ದಾರೆ. ನನಗೇನೋ ಸರಿ ಅನ್ನಿಸಿತು. ಉಗಿ ಎಂಜಿನ್ ಅಂದರೆ ಆನೆ ಸಾಕಿದ ಹಾಗೆ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ 1,472 ದಿನ ಓಡಿದ ಮೇಲೆ, ಅಥವಾ 15 ವರ್ಷ ಆದ ಮೇಲೆ, ಯಾವುದು ಮೊದಲೋ ಆಗ, ಇಡೀ ಬಾಯ್ಲರ್ ಬಿಚ್ಚಿ ಒಳಗೆ ಹೊರಗೆ ಪರೀಕ್ಷೆ ಮಾಡಬೇಕು. ಕೊಳವೆಗಳನ್ನೆಲ್ಲ ತೆಗೆಯಬೇಕು, ತಗಡಿನ ದಪ್ಪ ಅಳೆಯಬೇಕು, ಸವೆದ ಕಡೆ ರಿಪೇರಿ ಮಾಡಬೇಕು. ವರ್ಷಗಟ್ಟಲೆ ಹಿಡಿಯುವ ಕೆಲಸ, ರಾಶಿ ದುಡ್ಡು. ಹಾಗಾಗಿಯೇ ಬಹಳ ಊರುಗಳಲ್ಲಿ ಎಂಜಿನ್ನಿಗೆ ಬಣ್ಣ ಬಳಿದು ಪಾರ್ಕಿನಲ್ಲಿ ನಿಲ್ಲಿಸಿಬಿಡುತ್ತಾರೆ. ಮಕ್ಕಳು ಹತ್ತಿ ಆಡುತ್ತವೆ, ಒಳಗಿಂದ ತುಕ್ಕು ತಿನ್ನುತ್ತದೆ.

ಓಡುವ ಎಂಜಿನ್ನಿನಲ್ಲಿ ಮೂಲ ಭಾಗ ಕ್ರಮೇಣ ಕಡಿಮೆಯಾಗುತ್ತದೆ ಅನ್ನುವುದು ನಿಜ. ಇವತ್ತೊಂದು ಕೊಳವೆ, ನಾಳೆ ಒಂದು ಚಕ್ರದ ಪಟ್ಟಿ. ಆದರೆ ನಿಲ್ಲಿಸಿಟ್ಟ ಎಂಜಿನ್ನಿನಿಂದ ಯಾರೂ ಕೆಲಸ ಕಲಿಯುವುದಿಲ್ಲ. ಶೆಡ್ಡಿನಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ, ನನ್ನ ಮಗಳಿಗಿಂತ ಚಿಕ್ಕವಳು. ಮೊಣಕೈವರೆಗೆ ಗ್ರೀಸ್. ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದಳು. ಪಕ್ಕದಲ್ಲಿ ಒಬ್ಬ ಹಿರಿಯ, ಕೈ ಕಟ್ಟಿಕೊಂಡು ನಿಂತಿದ್ದ. ಏನೂ ಹೇಳುತ್ತಿರಲಿಲ್ಲ, ಬರೀ ನೋಡುತ್ತಿದ್ದ. ಒಂದು ಕಡೆ ಮಾತ್ರ ಬೆರಳು ತೋರಿಸಿದ. ಅವಳು ವಾಪಸ್ ಹೋಗಿ ಆ ಕೀಲಿಗೆ ಎಣ್ಣೆ ಬಿಟ್ಟಳು.

ತಾಮ್ರದ ಗಣಿ ಮತ್ತೆ ತೆರೆದಿದೆ, ಊರಿಗೆ ಅದರಿಂದ ಈಗಲೂ ಕೆಲಸ ಇದೆ. ಆದರೆ ಮಾಲು ಹೋಗುವುದು ಲಾರಿಯಲ್ಲಿ. ರೈಲಿಗೆ ಪ್ರವಾಸಿಗರೇ ಸರಕು.

ಹೋಗುವವರಿಗೆ ಒಂದು ಮಾತು. ಎಲ್ಲರೂ ನೇರ ಎಂಜಿನ್ ಶೆಡ್ಡಿಗೆ ಓಡುತ್ತಾರೆ, ಆಮೇಲೆ ಸುಸ್ತಾಗಿ ಉಳಿದದ್ದನ್ನು ಬಿಡುತ್ತಾರೆ. ಉಲ್ಟಾ ಮಾಡಿ. ಮೊದಲು ಪಬ್ಲಿಕ್ ಮ್ಯೂಸಿಯಂ, ಆಮೇಲೆ ಸ್ಟೇಷನ್, ಕೊನೆಗೆ ಶೆಡ್. ಮೂರೂ ಬೇರೆ ಬೇರೆಯವರ ಕೈಯಲ್ಲಿರುವುದರಿಂದ ತೆರೆಯುವ ಹೊತ್ತನ್ನು ಒಂದೊಂದಾಗಿ ವಿಚಾರಿಸಿಕೊಳ್ಳಿ, ಉಗಿ ಎಂಜಿನ್ ಎಲ್ಲ ದಿನ ಓಡುವುದಿಲ್ಲ, ಕೆಲವು ದಿನ ಡೀಸೆಲ್ ಇರುತ್ತದೆ. ಬಿಳಿ ಬಟ್ಟೆ ಬೇಡ. ಸ್ಟೇಷನ್ನಿನಲ್ಲಿ ಯಾರಾದರೂ ಕಡತದ ಬಗ್ಗೆ ಕೇಳಿದರೆ ನೋಡಿಕೊಳ್ಳುವವರ ಮುಖ ಅರಳುತ್ತದೆ. ಎಂಜಿನ್ ಬಗ್ಗೆ ಕೇಳುವವರು ಬೇಕಾದಷ್ಟು ಜನ, ಲೆಡ್ಜರ್ ಬಗ್ಗೆ ಕೇಳುವವರು ಕಮ್ಮಿ. ನಾನು ಕೇಳಿದ ತಪ್ಪಿಗೆ ಅಳಿಯನಿಗೆ ಅವತ್ತು ಬೆಟ್ಟ ಸಿಗಲಿಲ್ಲ.